ಮಳೆಗಾಲದಲ್ಲಿ ಕರೆಂಟೇ ಇರದ ಮನೆಯಲ್ಲಿ ಮೇಲ್ ಸರ್ವರ್ ಇಡಬಹುದಾ?

ಅಪ್ಪೆಮಿಡಿ | ಜೂನ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ತೋಟದ ಜೊತೆಗೆ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಹದಿಮೂರು ವರ್ಷದಿಂದ ಒಂದೇ ಈಮೇಲ್ ವಿಳಾಸ ಇತ್ತು. ಮನೆಗೆ ಇಂಟರ್ನೆಟ್ ಹಾಕಿಸಿದಾಗ ಆ ಕಂಪನಿಯವರೇ ಕೊಟ್ಟಿದ್ದು, ಬಾಲದಲ್ಲಿ ಅವರದ್ದೇ ಹೆಸರು. ಬಾಟಲಿಯ ಲೇಬಲ್ ಮೇಲೆ ಅದೇ, ರಸೀದಿ ಪುಸ್ತಕದಲ್ಲಿ ಅದೇ, ಬ್ಯಾಂಕಿನಲ್ಲೂ ಅದೇ.

ಮಾರ್ಚ್‌ನಲ್ಲಿ ಅವರು ಮೇಲ್ ಸೇವೆಯನ್ನೇ ನಿಲ್ಲಿಸಿದರು. ಕೇಳಿದರೆ 30 ದಿನ ಮೊದಲೇ ತಿಳಿಸಿದ್ದೆವು ಅಂತಾರೆ. ತಿಳಿಸಿದ್ದು ಹೌದು, ಅದೇ ಮೇಲ್‌ಬಾಕ್ಸಿಗೆ, ಜಾಹೀರಾತುಗಳ ಮಧ್ಯೆ. ನಾನು ಆಗ ಮಿಡಿ ತರಿಸುವ, ಉಪ್ಪು ಹಾಕುವ ಗಡಿಬಿಡಿಯಲ್ಲಿದ್ದೆ. ತೆರೆದು ನೋಡುವ ಹೊತ್ತಿಗೆ ಲಾಗಿನ್ ಆಗಲೇ ಇಲ್ಲ. ಹಳೆಯ ಗಿರಾಕಿಗಳ ಪತ್ರ, ಅವರ ವಿಳಾಸ ಎಲ್ಲಾ ಹೋಯಿತು. ಇನ್ನೂ 1,400 ಲೇಬಲ್ ಉಳಿದಿವೆ. ಸಂಜೆ ಹೊತ್ತು ಕೂತು ಒಂದೊಂದರ ಮೇಲೂ ಸ್ಟಿಕರ್ ಅಂಟಿಸುತ್ತಿದ್ದೇನೆ.

ಮಗ ಶಿವಮೊಗ್ಗದಲ್ಲಿ ಓದುತ್ತಿದ್ದಾನೆ. ನಮ್ಮದೇ ಸರ್ವರ್ ಇಡೋಣ, ಯಾರ ಹಂಗೂ ಬೇಡ ಅನ್ನುತ್ತಾನೆ. ಹಳೆಯ ಲ್ಯಾಪ್‌ಟಾಪ್ ಇದೆ, ಫೈಬರ್ ಇದೆ. ಆದರೆ ಇಲ್ಲಿ ಮಳೆ ಹಿಡಿದರೆ ಕರೆಂಟ್ ಎರಡು ದಿನ ಇರುವುದಿಲ್ಲ. ಆಗ ಬಂದ ಆರ್ಡರ್ ಎಲ್ಲಿಗೆ ಹೋಗುತ್ತದೆ? ಗಾಳಿಯಲ್ಲಿ ಹೋಯಿತು ಅಂತಲೇ ಲೆಕ್ಕವಾ?

ಕೆಸುವಿನೆಲೆ | ಜೂನ್ 9, ರಾತ್ರಿ 10:15

ಅಕ್ಕ, ಬೇಡ. ಮೇಲ್ ಸರ್ವರ್ ಇಡುವುದು ಎಮ್ಮೆ ಸಾಕಿದ ಹಾಗೆ. ನೆಂಟರ ಮದುವೆಗೆ ಹೋಗಬೇಕು ಅಂದರೂ ಹಾಲು ಕರೆಯುವವರನ್ನು ಹುಡುಕಬೇಕು. ನಿಮಗೆ ಬೇಕಾಗಿದ್ದು ಒಂದು ಲೀಟರ್ ಹಾಲು. ಡೈರಿಯಲ್ಲಿ ತಗೊಳ್ಳಿ.

ಆದರೆ ಒಂದು ಕೆಲಸ ನಾಳೆಯೇ ಮಾಡಿ. ನಿಮ್ಮದೇ ಡೊಮೇನ್ ಹೆಸರು (ವಿಳಾಸದಲ್ಲಿ @ ಆದಮೇಲೆ ಬರುವ ಭಾಗ) ಕೊಳ್ಳಿ, ವರ್ಷಕ್ಕೆ ಒಂದಿಷ್ಟು ನೂರು ರೂಪಾಯಿ. ಮೇಲ್ ಇಡುವ ಜಾಗಕ್ಕೆ ಯಾವುದಾದರೂ ಕಂಪನಿಗೆ ತಿಂಗಳ ಬಾಡಿಗೆ ಕೊಡಿ. ನಾಳೆ ಅವರು ಕೈಕೊಟ್ಟರೆ ಎಂಎಕ್ಸ್ ದಾಖಲೆ (ಈ ಹೆಸರಿನ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಸಾಲು) ಬದಲಿಸಿ ಇನ್ನೊಬ್ಬರ ಹತ್ತಿರ ಹೋಗಬಹುದು. ಲೇಬಲ್ ಮೇಲಿನ ವಿಳಾಸ ಅದೇ ಇರುತ್ತದೆ. ನಿಮ್ಮ ಮೇಲ್ ಬೇರೆಯವರ ಹತ್ತಿರ ಇತ್ತು ಅನ್ನುವುದಕ್ಕಿಂತ, ನಿಮ್ಮ ಹೆಸರೇ ಅವರ ಹತ್ತಿರ ಇತ್ತು ಅನ್ನುವುದು ನಿಮ್ಮ ತೊಂದರೆ.

ಹಳೇಮೋಡೆಮ್ | ಜೂನ್ 10, ಬೆಳಿಗ್ಗೆ 6:05

ಕೆಸುವಿನೆಲೆಯವರ ಕೊನೆಯ ಮಾತು ಸರಿ. ಎಮ್ಮೆಯ ಮಾತು ಒಪ್ಪುವುದಿಲ್ಲ. ನಾನು ತೀರ್ಥಹಳ್ಳಿ ದಾಟಿ ಆಗುಂಬೆ ದಿಕ್ಕಿನಲ್ಲಿ ಇರುವವನು. ನಿವೃತ್ತ. ಒಂಬತ್ತು ವರ್ಷದಿಂದ ಮನೆಯಲ್ಲೇ ಮೇಲ್ ಸರ್ವರ್ ಓಡಿಸುತ್ತಿದ್ದೇನೆ. ನಮ್ಮ ಮಳೆ ನಿಮಗೆ ಹೇಳಬೇಕಾಗಿಲ್ಲ.

ಮೊದಲು ಕರೆಂಟಿನ ಪ್ರಶ್ನೆ. ಮೇಲ್ ಕಳೆದುಹೋಗುವುದಿಲ್ಲ. ಸರ್ವರಿನಿಂದ ಸರ್ವರಿಗೆ ಪತ್ರ ದಾಟಿಸುವ ಎಸ್‌ಎಂಟಿಪಿ ನಿಯಮವನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಎದುರಿನ ಯಂತ್ರ ಸಿಗದೇ ಇರುವುದು ಆಗ ಮಾಮೂಲು. ಹಾಗಾಗಿ ಕಾಯುವ ಗುಣ ಅದರ ಹುಟ್ಟಿನಲ್ಲೇ ಇದೆ. ನಿಮ್ಮ ಸರ್ವರ್ ಸಿಗದಿದ್ದರೆ ಕಳುಹಿಸುವ ಕಡೆಯ ಸರ್ವರ್ ಪತ್ರವನ್ನು ತನ್ನ ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಕನಿಷ್ಠ 4-5 ದಿನ ಕೈಬಿಡಬಾರದು ಅಂತ ಅದೇ ನಿಯಮದ 2008ರ ಆವೃತ್ತಿ, ಆರ್‌ಎಫ್‌ಸಿ 5321, ಹೇಳುತ್ತದೆ. ಮೇಲ್ ಸರ್ವರ್ ನಡೆಸುವ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಏನೂ ಮುಟ್ಟದಿದ್ದರೆ ಅವಧಿ 5 ದಿನ, ಎರಡು ಪ್ರಯತ್ನಗಳ ನಡುವೆ ಅತಿ ಹೆಚ್ಚೆಂದರೆ 4000 ಸೆಕೆಂಡ್. ಅಂದರೆ ಒಂದು ಗಂಟೆಯ ಮೇಲೆ ಸ್ವಲ್ಪ.

ಹಿಂದಿನ ಮಳೆಗಾಲದಲ್ಲಿ ಸೋಮವಾರ ರಾತ್ರಿ ಲೈನಿನ ಮೇಲೆ ಹಲಸಿನ ಮರ ಬಿತ್ತು. ಕರೆಂಟ್ ಬಂದದ್ದು ಗುರುವಾರ ಮಧ್ಯಾಹ್ನ ಮೂರಕ್ಕೆ. ಸರ್ವರ್ ಎದ್ದಿತು. ನಾನು ಕಷಾಯ ಹಿಡಿದುಕೊಂಡು ಲಾಗ್ (ಸರ್ವರ್ ಬರೆದಿಡುವ ದಿನಚರಿ) ನೋಡುತ್ತಾ ಕೂತೆ. ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಾಲು. ಮತ್ತೊಂದು. ಸೂರಿನ ನೀರು ಇಳಿದ ಹಾಗೆ ಒಂದರ ಹಿಂದೆ ಒಂದು. ತಂಗಿ ಮಂಗಳವಾರ ಬೆಳಿಗ್ಗೆ 10:12ಕ್ಕೆ ಕಳುಹಿಸಿದ್ದು ಗುರುವಾರ 3:19ಕ್ಕೆ ಬಂತು. ರಾತ್ರಿ ಊಟದ ಹೊತ್ತಿಗೆ 41 ಪತ್ರ. ಒಂದೂ ತಪ್ಪಿರಲಿಲ್ಲ. ಬ್ಯಾಂಕಿನ ಓಟಿಪಿ ಬಂದಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ, ಅದು ಬೇರೆ ಮಾತು. ಓಟಿಪಿಗೆ ಮೊಬೈಲ್ ಇಟ್ಟುಕೊಳ್ಳಿ.

ನಿಜವಾದ ಅಪಾಯ ಕರೆಂಟ್ ಹೋಗುವುದಲ್ಲ, ಅರ್ಧಂಬರ್ಧ ಎದ್ದ ಸರ್ವರ್. ಎಸ್‌ಎಂಟಿಪಿಯಲ್ಲಿ 4ರಿಂದ ಶುರುವಾಗುವ ಉತ್ತರಕ್ಕೆ 'ಆಮೇಲೆ ಬಾ' ಅಂತ ಅರ್ಥ. 5ರಿಂದ ಶುರುವಾದರೆ 'ಬರಲೇಬೇಡ' ಅಂತ. ಸೆಟ್ಟಿಂಗ್ ತಪ್ಪಾಗಿ ನಿಮ್ಮ ಸರ್ವರ್ 550 ಅಂದುಬಿಟ್ಟರೆ ಪತ್ರ ಆ ಕ್ಷಣವೇ ವಾಪಸ್. ಹಾಗಾಗಿ ಕಲಿಯುವಷ್ಟು ದಿನ ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಅನ್ನುವ ಸೆಟ್ಟಿಂಗ್ ಹಾಕಿಡಿ. ಅದು 5ನ್ನೂ 4 ಮಾಡಿ ಹೇಳುತ್ತದೆ. ನಿಮ್ಮ ತಪ್ಪಿಗೆ ಐದು ದಿನದ ವಾಯಿದೆ ಸಿಗುತ್ತದೆ.

ಅಪ್ಪೆಮಿಡಿ | ಜೂನ್ 10, ಮಧ್ಯಾಹ್ನ 1:30

41 ಪತ್ರದ ಕಥೆ ಓದಿ ಖುಷಿಯಾಯಿತು. ನನ್ನ ಅರ್ಧ ಹೆದರಿಕೆ ಹೋಯಿತು. ಡೊಮೇನ್ ಇವತ್ತೇ ಕೊಂಡೆವು. ಹಾಗಾದರೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಶುರು ಮಾಡಬಹುದಾ?

ಜೀರುಂಡೆ | ಜೂನ್ 10, ರಾತ್ರಿ 11:50

ಸ್ವಲ್ಪ ತಡೆಯಿರಿ ಅಕ್ಕ. ಹಳೇಮೋಡೆಮ್ ಅವರು ಹೇಳಿದ್ದೆಲ್ಲಾ ಮೇಲ್ ಬರುವ ಕಥೆ. ಹೋಗುವ ಕಥೆ ಬೇರೆಯೇ ಇದೆ. ನಾನು ಸಾಗರದ ಹತ್ತಿರ ಮನೆಯಿಂದಲೇ ಕೆಲಸ ಮಾಡುವವನು, ಸರ್ವರ್ ನೋಡಿಕೊಳ್ಳುವುದೇ ಹೊಟ್ಟೆಪಾಡು. ಆದರೂ ಮನೆಯಿಂದ ಮೇಲ್ ಕಳುಹಿಸಲು ಹೋಗಿ ಎರಡು ತಿಂಗಳು ಮೂಗು ತಿಕ್ಕಿಸಿಕೊಂಡೆ.

ಮೊದಲು ನಿಮ್ಮ ರೂಟರ್‌ನ ಪುಟ ತೆರೆದು ಹೊರಗಿನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಲೈನಿನ ಸಂಖ್ಯೆ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದು ಐಪಿ ವಿಳಾಸವನ್ನು ಎಷ್ಟೋ ಮನೆಗೆ ಹಂಚಿದ್ದಾರೆ ಅಂತ ಅರ್ಥ. ವಠಾರದ ಒಂದೇ ಬಾಗಿಲು ಇದ್ದ ಹಾಗೆ. ಹೊರಗಿನಿಂದ ತಟ್ಟಿದರೆ ನಿಮ್ಮ ಮನೆಗೆ ಕೇಳಿಸುವುದಿಲ್ಲ. ಆಗ ನಿಮಗೊಬ್ಬರಿಗೇ ಇರುವ, ಬದಲಾಗದ ಸ್ಥಿರ ಐಪಿ ಕೇಳಿ ಪಡೆಯಬೇಕು, ಅದಕ್ಕೆ ಜಾಸ್ತಿ ದುಡ್ಡು.

ಸ್ಥಿರ ಐಪಿ ಸಿಕ್ಕಿತು ಅನ್ನಿ. ಸರ್ವರ್‌ಗಳು ಮೇಲ್ ದಾಟಿಸುವ ಬಾಗಿಲು, 25ನೇ ಪೋರ್ಟ್, ಬೇಕು. ಮನೆ ಲೈನಿನಲ್ಲಿ ಇದನ್ನು ಮುಚ್ಚಿಡುವ ಕಂಪನಿಗಳು ಬಹಳ. ವೈರಸ್ ಹಿಡಿದ ಕಂಪ್ಯೂಟರ್‌ಗಳು ಅಲ್ಲಿಂದಲೇ ಸ್ಪ್ಯಾಮ್ ಉಗುಳುತ್ತವೆ, ಹಾಗಾಗಿ ಅವರದ್ದೂ ತಪ್ಪಿಲ್ಲ. ಅದೂ ತೆರೆದಿದೆ ಅನ್ನಿ. ಸ್ಪ್ಯಾಮ್ ತಡೆಯುವ ಸ್ಪ್ಯಾಮ್‌ಹೌಸ್ ಸಂಸ್ಥೆಯವರ ಪಿಬಿಎಲ್ ಅಂತ ಒಂದು ಪಟ್ಟಿ ಇದೆ. ನೇರವಾಗಿ ಮೇಲ್ ಕಳುಹಿಸಬಾರದ, ಬಹುಪಾಲು ಮನೆ ಬಳಕೆಯ ಐಪಿ ವಿಳಾಸಗಳ ಪಟ್ಟಿ. ನೀವು ಏನೂ ತಪ್ಪು ಮಾಡದೇ ಅದರಲ್ಲಿ ಇರಬಹುದು. ಕೊನೆಗೆ ಪಿಟಿಆರ್ ದಾಖಲೆ. ಈ ಐಪಿ ಯಾರದ್ದು ಅಂತ ಉಲ್ಟಾ ಕೇಳಿದರೆ ನಿಮ್ಮ ಸರ್ವರಿನ ಹೆಸರು ಬರಬೇಕು. ಅದನ್ನು ಬರೆಯುವ ಅಧಿಕಾರ ಐಪಿ ಯಾರ ಹತ್ತಿರ ಇದೆಯೋ ಅವರಿಗೆ ಮಾತ್ರ. ನಾನು ನಮ್ಮ ಲೈನಿನವರಿಗೆ ಫೋನ್ ಮಾಡಿದೆ. ನಾಲ್ಕು ಜನಕ್ಕೆ ದಾಟಿಸಿದರು. ನಾಲ್ಕನೆಯವರು ಪೂರ್ತಿ ಕೇಳಿಸಿಕೊಂಡು, 'ಸಾರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ' ಅಂದರು.

ಹಾಗಾಗಿ ನಾನು ಸೋತು ದಾರಿ ಬದಲಿಸಿದೆ. ಹೊರಗೆ ತಿಂಗಳ ಬಾಡಿಗೆಗೆ ಒಂದು ಸಣ್ಣ ವಿಪಿಎಸ್ (ಬೇರೆ ಕಡೆ ಓಡುವ ಬಾಡಿಗೆ ಸರ್ವರ್) ಹಿಡಿದೆ. ಎಂಎಕ್ಸ್ ಅಲ್ಲಿಗೆ. ಅಲ್ಲಿಂದ ವೈರ್‌ಗಾರ್ಡ್ ಅನ್ನುವ ವಿಪಿಎನ್ ಸುರಂಗ ನಮ್ಮ ಮನೆಗೆ. ಪತ್ರಗಳು ಇರುವುದು ಸಾಗರದ ಡಿಸ್ಕಿನಲ್ಲಿ, ಲೋಕಕ್ಕೆ ಕಾಣುವ ಮುಖ ಮಾತ್ರ ವಿಪಿಎಸ್‌ನದ್ದು. ಸುರಂಗವನ್ನು ಮನೆಯ ಕಡೆಯಿಂದ ತೆರೆಯುವುದರಿಂದ ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಬಾಡಿಗೆಗೆ ಹಿಡಿಯುವ ಮೊದಲು ಎರಡೇ ಪ್ರಶ್ನೆ ಕೇಳಿ. 25ನೇ ಪೋರ್ಟ್ ತೆರೆಯುತ್ತೀರಾ? ಪಿಟಿಆರ್ ನಾನೇ ಬರೆಯಬಹುದಾ?

ಇಷ್ಟೂ ತಲೆನೋವು ಬೇಡ ಅಂದರೆ ಇನ್ನೂ ಸುಲಭದ್ದು ಇದೆ. ಬರುವ ಮೇಲ್ ಮನೆಗೇ ಬರಲಿ. ಹೋಗುವ ಮೇಲ್ ಮಾತ್ರ ಯಾವುದಾದರೂ ರಿಲೇ ಸೇವೆಯ (ನಿಮ್ಮ ಪತ್ರವನ್ನು ತಮ್ಮ ಸರ್ವರಿನಿಂದ ದಾಟಿಸುವವರ) ಮೂಲಕ, 587ನೇ ಪೋರ್ಟಿನಲ್ಲಿ. ನೀವು ದಿನಕ್ಕೆ ಹತ್ತು ಪತ್ರ ಬರೆಯುವವರು. ನನ್ನ ಪ್ರಕಾರ ನಿಮಗೆ ಇದೇ ಸರಿ.

ಎರಡರಲ್ಲೂ ತಪ್ಪದ್ದು ಮೂರು ಡಿಎನ್‌ಎಸ್ ದಾಖಲೆ, ಅಂದರೆ ನಿಮ್ಮ ಡೊಮೇನಿನ ಬಗ್ಗೆ ಲೋಕಕ್ಕೆ ಹೇಳುವ ಸಾಲುಗಳು. ಅಡಿಕೆ ಮಂಡಿಯ ಲೆಕ್ಕದಲ್ಲಿ ಹೇಳುತ್ತೇನೆ. ನನ್ನ ಹೆಸರಿನ ಮೂಟೆ ತರುವ ಗಾಡಿಗಳು ಇವು ಅಂತ ಮೊದಲೇ ಪಟ್ಟಿ ಕೊಡುವುದು ಎಸ್‌ಪಿಎಫ್. ಮೂಟೆಯ ಬಾಯಿ ಹೊಲಿದು ಮೊಹರು ಒತ್ತುವುದು ಡಿಕಿಮ್, ದಾರಿಯಲ್ಲಿ ಬಿಚ್ಚಿ ಕಲಬೆರಕೆ ಮಾಡಿದರೆ ಗೊತ್ತಾಗುತ್ತದೆ. ಎರಡೂ ತಾಳೆಯಾಗದ ಮೂಟೆಯನ್ನು ಒಳಗೆ ಬಿಡಬೇಕಾ, ಪಕ್ಕಕ್ಕೆ ಇಡಬೇಕಾ, ವಾಪಸ್ ಕಳಿಸಬೇಕಾ ಅಂತ ಮಂಡಿಗೆ ಚೀಟಿ ಬರೆದಿಡುವುದು ಡಿಮಾರ್ಕ್. 2024ರ ಫೆಬ್ರುವರಿಯಿಂದ ಗೂಗಲ್ ಇದನ್ನು ಬಿಗಿ ಮಾಡಿದೆ. ಜೀಮೇಲ್‌ಗೆ ದಿನಕ್ಕೆ 5000 ಕಳುಹಿಸುವವರಿಗೆ ಮೂರೂ ಕಡ್ಡಾಯ. ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕು. ಮೂರನ್ನೂ ಹಾಕಿ, ಅರ್ಧ ಗಂಟೆ ಕೆಲಸ.

ತುಂಗೆದಂಡೆ | ಜೂನ್ 11, ಬೆಳಿಗ್ಗೆ 8:20

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಬೇಡಿ. ಸ್ವಂತ ಸರ್ವರ್ ಇದ್ದರೆ ಕನ್ನಡ ಅಕ್ಷರದಲ್ಲೇ ಈಮೇಲ್ ವಿಳಾಸ ಇಟ್ಟುಕೊಳ್ಳಬಹುದಾ? ಉಪ್ಪಿನಕಾಯಿ ಬಾಟಲಿ ಮೇಲೆ ಚೆಂದ ಕಾಣುತ್ತದೆ ಅಲ್ವಾ?

ಹಳೇಮೋಡೆಮ್ | ಜೂನ್ 11, ಬೆಳಿಗ್ಗೆ 8:55

ಇಟ್ಟುಕೊಳ್ಳಬಹುದು. ಡಾಟ್ ಭಾರತ ಅನ್ನುವ ಕೊನೆ ಕನ್ನಡ ಲಿಪಿಯಲ್ಲೇ ಇದೆ. @ ಚಿಹ್ನೆಯ ಎಡಗಡೆ ಕನ್ನಡ ಬರೆಯಲು ಎಸ್‌ಎಂಟಿಪಿ ಯುಟಿಎಫ್8 ಅನ್ನುವ ವಿಸ್ತರಣೆ ಬೇಕು. 2012ರಲ್ಲಿ ಅದರ ನಿಯಮ ಬಂತು, 2015ರ ಪೋಸ್ಟ್‌ಫಿಕ್ಸ್ 3.0ರಿಂದ ಅದರಲ್ಲೂ ಇದೆ. ನಾನು ಒಂದು ಮಾಡಿಕೊಂಡಿದ್ದೇನೆ. ಜೀಮೇಲಿನಿಂದ ಚೆನ್ನಾಗಿ ಬರುತ್ತದೆ.

ಗೋಳು ಇರುವುದು ಬೇರೆ ಕಡೆ. ವೆಬ್‌ಸೈಟಿನ ಫಾರ್ಮ್‌ನಲ್ಲಿ ಆ ವಿಳಾಸ ತುಂಬಿದರೆ 'ಸರಿಯಾದ ಈಮೇಲ್ ಕೊಡಿ' ಅಂತ ಕೆಂಪಕ್ಷರದಲ್ಲಿ ಬೈಯುತ್ತದೆ. ಎದುರಿನ ಸರ್ವರಿಗೆ ಈ ವಿಸ್ತರಣೆ ಗೊತ್ತಿಲ್ಲದಿದ್ದರೆ ಪತ್ರ ಹೊರಡುವುದೇ ಇಲ್ಲ. ಲೇಬಲ್ ಮೇಲೆ ಇಂಗ್ಲಿಷ್ ವಿಳಾಸದ ಜೊತೆಗೆ ಎರಡನೆಯದಾಗಿ ಇರಲಿ. ಎರಡೂ ಒಂದೇ ಪೆಟ್ಟಿಗೆಗೆ ಬೀಳುವ ಹಾಗೆ ಮಾಡುವುದು ಒಂದು ಸಾಲಿನ ಕೆಲಸ.

ಕೆಸುವಿನೆಲೆ | ಜೂನ್ 11, ಸಂಜೆ 7:10

ನೀವೆಲ್ಲಾ ಸೇರಿ ಅಕ್ಕನನ್ನು ಹುರಿದುಂಬಿಸುತ್ತಿದ್ದೀರಿ. ನಾನು ಯಾಕೆ ಬಿಟ್ಟೆ ಅನ್ನುವುದನ್ನೂ ಕೇಳಿ.

ನಮ್ಮ ಮನೆಯಲ್ಲಿ ಮಳೆಗಾಲದ ಥಂಡಿಗೆ ಗೋಡೆಯೂ ಬೂಸ್ಟು ಹಿಡಿಯುತ್ತದೆ. ಒಣಗಿದ ಜಾಗ ಅಂದರೆ ಅಡುಗೆಮನೆ ಒಲೆಯ ಮೇಲಿನ ಅಟ್ಟ ಒಂದೇ. ಜಾಣತನ ಮಾಡಿ ಸರ್ವರ್ ಅಲ್ಲಿ ಇಟ್ಟೆ. ಥಂಡಿ ತಟ್ಟಲಿಲ್ಲ, ನಿಜ. ಮೂರನೇ ತಿಂಗಳಿಗೆ ತಾನೇ ಆಫ್ ಆಗತೊಡಗಿತು. ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಗೆ ಎಣ್ಣೆ ಜಿಡ್ಡಿನ ಇಲ್ಲಣ, ಬೆರಳಿನಷ್ಟು ದಪ್ಪ. ಅಮ್ಮ ಅದನ್ನು ನೋಡಿ, ಇದನ್ನೂ ಬೂದಿ ಹಾಕಿ ತಿಕ್ಕಿಬಿಡಲಾ ಅಂದರು.

ಇನ್ನು ಸಿಡಿಲು. ಏಪ್ರಿಲ್, ಮೇನಲ್ಲಿ ಗುಡುಗು ಕೇಳಿದ ಕೂಡಲೇ ಎಲ್ಲಾ ಪ್ಲಗ್ ಕೀಳುವುದು ನಮ್ಮ ಮನೆಯ ಪದ್ಧತಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಬರುವುದಿಲ್ಲ ಅಂತ ನೀವು ಹೇಳುತ್ತೀರಿ. ಕರೆಂಟಿನ ವೈರಿನಲ್ಲಿ ಬರುತ್ತದಲ್ಲ ಮಾರಾಯ್ರೆ! ನನ್ನ ರೂಟರ್ ಹೋದದ್ದೇ ಹಾಗೆ.

ಹಳೇಮೋಡೆಮ್ | ಜೂನ್ 11, ರಾತ್ರಿ 8:00

ಪ್ಲಗ್ ಕೀಳಿ. ಅದೇ ಹೇಳಿದ್ದು ನಾನು, ಐದು ದಿನ ಕಾಯುತ್ತದೆ ಅಂತ. ಮನೆಯ ಮೇಲ್ ಸರ್ವರ್ 24 ಗಂಟೆ ಓಡಲೇಬೇಕು ಅನ್ನುವುದು ಕಂಪನಿಗಳ ಗೀಳು. ಅಟ್ಟದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಕ್ಕು ಸಾಕಾಯಿತು.

ಅಪ್ಪೆಮಿಡಿಯವರಿಗೆ ಒಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಡೊಮೇನ್ ಕೊಂಡಾಗ ನಿಮ್ಮ ಸಂಪರ್ಕದ ಈಮೇಲ್ ಯಾವುದು ಕೊಟ್ಟಿರಿ? ಅದೇ ಡೊಮೇನಿನ ವಿಳಾಸ ಕೊಡಬೇಡಿ. ಸರ್ವರ್ ಕೆಟ್ಟು ಕೂತಿರುವಾಗಲೇ ನವೀಕರಣದ ನೋಟಿಸು ಬಂದರೆ ನಿಮಗೆ ತಲುಪುವುದೇ ಇಲ್ಲ, ಮಾರ್ಚ್‌ನಲ್ಲಿ ಆದದ್ದೇ ಮತ್ತೆ ಆಗುತ್ತದೆ. ಬೇರೆ ಕಡೆಯ ವಿಳಾಸ ಕೊಡಿ, ದುಡ್ಡು ತಾನಾಗಿ ಕಟ್ಟುವ ವ್ಯವಸ್ಥೆ ಮಾಡಿ. ಡಿಎನ್‌ಎಸ್ ಕೂಡ ಡೊಮೇನ್ ಮಾರಿದವರ ಹತ್ತಿರವೇ ಇರಲಿ, ಮನೆಗೆ ತರಬೇಡಿ.

ಅಪ್ಪೆಮಿಡಿ | ಜೂನ್ 28, ರಾತ್ರಿ 10:05

ತಡವಾಗಿ ಬರೆಯುತ್ತಿದ್ದೇನೆ. ಮೈಲುತುತ್ತು, ಸುಣ್ಣ, ಔಷಧಿ ಹೊಡೆಯುವವರ ಊಟ, ಇದರಲ್ಲೇ ಎರಡು ವಾರ ಹೋಯಿತು.

ರೂಟರ್‌ನಲ್ಲಿ ನೋಡಿದರೆ 100.81 ಅಂತ ಇತ್ತು. ಜೀರುಂಡೆ ಹೇಳಿದ ವಠಾರವೇ. ಸ್ಥಿರ ಐಪಿ ಕೇಳಿದೆವು, ವಾರದಲ್ಲಿ ಕೊಟ್ಟರು. ಒಳಬರುವ 25ನೇ ಪೋರ್ಟ್ ತೆರೆದಿತ್ತು. ಮಗ ಪೋಸ್ಟ್‌ಫಿಕ್ಸ್, ಜೊತೆಗೆ ಬಂದ ಪತ್ರ ಓದಲು ಕೊಡುವ ಡವ್‌ಕಾಟ್ ಹಾಕಿದ. ಮೊದಲು ಎಲ್ಲಾ ಒಟ್ಟಿಗೆ ಬರುವ ಮೇಲ್‌ಕೌ ನೋಡಿದ್ದ, ಅದಕ್ಕೆ 6 ಜಿಬಿ ರ್ಯಾಮ್ ಬೇಕಂತೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದೇ 4. ಹೋಗುವ ಮೇಲ್‌ಗೆ ರಿಲೇ. ಕರೆಂಟಿನ ಲೆಕ್ಕವನ್ನೂ ಹಾಕಿದ, 15 ವ್ಯಾಟ್ ಅಂದರೂ ತಿಂಗಳಿಗೆ ಸುಮಾರು 11 ಯೂನಿಟ್ ಅಷ್ಟೇ.

ಪರೀಕ್ಷೆ ಮಾಡುವಾಗ ಅವನು ಇನ್ನೊಂದು ಲ್ಯಾಪ್‌ಟಾಪಿನಿಂದ ಟೆಲ್‌ನೆಟ್ ಮಾಡಿ (ಸರ್ವರಿನ ಜೊತೆ ಕೈಯಿಂದಲೇ ಟೈಪ್ ಮಾಡಿ ಮಾತಾಡುವುದು) ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅಲ್ಲಿಂದ 220 ಅಂತ ಬಂತು. ಇವನು ಈಹೆಲೋ, ಅಂದರೆ ನಮಸ್ಕಾರ, ಅಂದ. ಅದು 250, ಅಂದರೆ ಸರಿ, ಅಂತು. ಯಾರಿಂದ ಅಂತ ಬರೆದ, 250. ಯಾರಿಗೆ ಅಂತ ಬರೆದ, 250. ಡೇಟಾ ಅಂದಾಗ ಮಾತ್ರ 354, ಅಂದರೆ ಹೇಳು ಕೇಳುತ್ತೇನೆ ಅಂತ. 'ಅಮ್ಮ, ನೀನು ಬರಿ' ಅಂದ. 'ಮಳೆ ಜೋರಾಗಿದೆ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಮುಗಿಸುವುದು ಹೇಗೆ ಅಂದರೆ, ಹೊಸ ಸಾಲಿನಲ್ಲಿ ಬರೀ ಒಂದು ಚುಕ್ಕೆ. ಚುಕ್ಕೆ ಇಟ್ಟು ಎಂಟರ್ ಒತ್ತಿದೆ. 250. ಆಮೇಲೆ ಮೊಬೈಲ್ 'ಟಣ್' ಅಂತು. ಹದಿಮೂರು ವರ್ಷ ಈಮೇಲ್ ಬಳಸಿದ್ದೇನೆ, ಒಳಗೆ ಇಷ್ಟು ಸರಳ ಮಾತುಕತೆ ನಡೆಯುತ್ತದೆ ಅಂತ ಗೊತ್ತಿರಲಿಲ್ಲ.

ಒಂದು ಗಾಬರಿ. ಲಾಗ್ ತುಂಬಾ ಯಾರ್ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ಅಡ್ಮಿನ್, ಇನ್ಫೋ, ಸೇಲ್ಸ್ ಅಂತ ಹೆಸರು ಹಾಕಿ. ಹೊಸನಗರದ ಈ ಮೂಲೆ ಅವರಿಗೆ ಹೇಗೆ ಗೊತ್ತಾಯಿತು?

ಜೀರುಂಡೆ | ಜೂನ್ 28, ರಾತ್ರಿ 11:20

ಯಾರಿಗೂ ಗೊತ್ತಾಗಿಲ್ಲ ಅಕ್ಕ. ಯಂತ್ರಗಳು ಲೋಕದ ಎಲ್ಲಾ ಐಪಿ ವಿಳಾಸಗಳನ್ನೂ ತಟ್ಟುತ್ತಾ ಹೋಗುತ್ತವೆ, ಮಂಗಗಳು ಪ್ರತಿ ಬಾಳೆಗೊನೆಯನ್ನೂ ಮುಟ್ಟಿ ನೋಡುವ ಹಾಗೆ. ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಫೇಲ್2ಬ್ಯಾನ್ ಹಾಕಿ, ಪಾಸ್‌ವರ್ಡ್ ಉದ್ದ ಇರಲಿ, ಗೊತ್ತಿಲ್ಲದವರು ನಿಮ್ಮ ಸರ್ವರಿನಿಂದ ಹೊರಗೆ ಕಳುಹಿಸಲು ಆಗಬಾರದು. ಅದೊಂದು ಬಿಟ್ಟುಹೋದರೆ ರಾತ್ರಿ ಬೆಳಗಾಗುವುದರಲ್ಲಿ ನಿಮ್ಮ ಹೆಸರು ಎಲ್ಲಾ ಕಪ್ಪುಪಟ್ಟಿಯಲ್ಲೂ ಇರುತ್ತದೆ.

ಇನ್ನೊಂದು. ಬಂದದ್ದನ್ನೆಲ್ಲಾ ಸುಮ್ನೆ ಜೀಮೇಲ್‌ಗೆ ಫಾರ್ವರ್ಡ್ ಮಾಡುವ ಆಸೆ ಬರುತ್ತದೆ. ಬೇಡ. ಸ್ಪ್ಯಾಮ್ ಕೂಡ ನಿಮ್ಮ ಹೆಸರಿನಲ್ಲೇ ಹೋಗುತ್ತದೆ, ಎಸ್‌ಪಿಎಫ್ ಕೂಡ ಮುರಿಯುತ್ತದೆ. ಮೊಬೈಲನ್ನು ನೇರ ನಿಮ್ಮ ಸರ್ವರಿನ 993ನೇ ಪೋರ್ಟಿಗೆ (ಪತ್ರ ಓದುವ ಬಾಗಿಲು) ಸೇರಿಸಿಕೊಳ್ಳಿ. ಬ್ಯಾಕಪ್‌ಗೆ ಪತ್ರಗಳನ್ನು ಮೇಲ್‌ಡಿರ್ ಪದ್ಧತಿಯಲ್ಲಿ ಇಡುವುದು ಅನುಕೂಲ, ಒಂದು ಪತ್ರಕ್ಕೆ ಒಂದು ಫೈಲ್. ಮಗ ಊರಿಗೆ ಬಂದಾಗಲೆಲ್ಲಾ ಒಂದು ಡಿಸ್ಕಿಗೆ ಆರ್‌ಸಿಂಕ್‌ನಿಂದ ನಕಲು ಮಾಡಿ ಶಿವಮೊಗ್ಗಕ್ಕೆ ಒಯ್ಯಲಿ.

ಅಪ್ಪೆಮಿಡಿ | ಜುಲೈ 30, ಸಂಜೆ 6:45

ಕೊನೆಗೂ ಪರೀಕ್ಷೆ ಆಯಿತು. ಮೊನ್ನೆ ಬೆಳಿಗ್ಗೆ ಹೋದ ಕರೆಂಟ್ ಇವತ್ತು ಮಧ್ಯಾಹ್ನ ಬಂತು. ಲ್ಯಾಪ್‌ಟಾಪಿನ ಬ್ಯಾಟರಿ ಮೂರು ಗಂಟೆ ಎಳೆಯಿತು, ರೂಟರ್ ಅದಕ್ಕೂ ಮೊದಲೇ ಸತ್ತಿತ್ತು.

ಕರೆಂಟ್ ಬಂದಮೇಲೆ ಒಂಬತ್ತು ಪತ್ರ ಬಂದವು. ಅದರಲ್ಲಿ ಒಂದು ಧಾರವಾಡದಿಂದ, 12 ಬಾಟಲಿ ಆರ್ಡರ್, 29 ಗಂಟೆ ಹಳೆಯದು. ಅವರು ಆಗಲೇ ಫೋನ್ ಮಾಡಿದ್ದರು. ಪತ್ರ ಇನ್ನೂ ತಲುಪಿಲ್ಲ, ಪ್ರಯತ್ನ ಮಾಡುತ್ತಿದ್ದೇವೆ ಅಂತ ಅವರ ಮೇಲ್ ಕಂಪನಿಯಿಂದ ಅವರಿಗೇ ಚೀಟಿ ಬಂತಂತೆ. 'ನಿಮ್ಮಲ್ಲಿ ಮಳೆಯಾ?' ಅಂತ ಕೇಳಿದರು.

ಕೆಸುವಿನೆಲೆಯವರೇ, ನಿಮ್ಮ ಮಾತನ್ನೂ ಅರ್ಧ ಕೇಳಿದ್ದೇನೆ. ಬೇಸರ ಬಂದ ದಿನ ಎಂಎಕ್ಸ್ ಬದಲಿಸಿ ಡೈರಿಗೆ ಹೋಗುತ್ತೇನೆ. ಹೊಸ ಲೇಬಲ್ ಅಚ್ಚಿಗೆ ಕೊಟ್ಟಾಯಿತು, ಕನ್ನಡದ ವಿಳಾಸವೂ ಕೆಳಗಿದೆ. ಹಳೆಯದರಲ್ಲಿ ಇನ್ನೂ 600ಕ್ಕೆ ಸ್ಟಿಕರ್ ಅಂಟಿಸುವುದು ಬಾಕಿ.

ಒಂದು ಸಣ್ಣ ಅನುಮಾನ. ಲ್ಯಾಪ್‌ಟಾಪ್ ಮೇಜಿನ ಮೇಲೆ ಸರಿಯಾಗಿ ಕೂರುತ್ತಿಲ್ಲ, ಅಡಿ ಸ್ವಲ್ಪ ಉಬ್ಬಿದ ಹಾಗಿದೆ. ಥಂಡಿಗಾ?

ಜೀರುಂಡೆ | ಜುಲೈ 30, ಸಂಜೆ 6:52

ಥಂಡಿಗಲ್ಲ ಅಕ್ಕ, ಬ್ಯಾಟರಿ ಉಬ್ಬಿದೆ. ಈಗಲೇ ಆಫ್ ಮಾಡಿ ಪ್ಲಗ್ ಕೀಳಿ. ಚುಚ್ಚಬೇಡಿ, ಒತ್ತಬೇಡಿ. ಮಗನಿಗೆ ಫೋನ್ ಕೊಡಿ, ಹೇಗೆ ಬಿಚ್ಚಿಸಬೇಕು ಅಂತ ನಾನು ಹೇಳುತ್ತೇನೆ. ಮೇಲ್ ಕಾಯುತ್ತದೆ.